ನೂರಕ್ಕೆ ಅರವತ್ತು

ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಗಳಲ್ಲಿ ಯಾವ ಕನ್ನಡದವರ ಮನೆಯಲ್ಲಿ ಮಗುವಿನ ಹುಟ್ಟುಹಬ್ಬ ಬಂದರೂ ಮೊದಲು ಸುದ್ದಿ ಹೋಗುತ್ತಿದ್ದುದು ನಲಿನಿಬಾಯಿಗೆ. ದೇವರಿಗೆ ಕಾಯಿ ಒಡೆಸುವುದು, ಕೇಕಿಗೆ ಹೇಳುವುದು, ಬಲೂನು ತರುವುದು ಎಲ್ಲ ಆಮೇಲೆ. ಆಕೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಚಹಾ ಬೇಡವೆನ್ನುತ್ತಲೇ ಅರ್ಧ ಕಪ್ಪು ಕುಡಿದು, ಎಷ್ಟು ಮಂದಿಯನ್ನು ಕರೆದಿದ್ದೀರಿ ಎಂದು ಕೇಳುವ ತನಕ ಆ ಮನೆಯ ಯಜಮಾನನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕೇಳಿದ ಮೇಲೆ ಹತ್ತುತ್ತಿತ್ತು. ಅವನು ಹೇಳಿದ ಸಂಖ್ಯೆಯನ್ನು ಆಕೆ ಅಲ್ಲೇ, ಅವನ ಕಣ್ಣೆದುರಿಗೇ, ಇಳಿಸಿಬಿಡುತ್ತಿದ್ದಳು.

ನೂರು ಮಂದಿಯನ್ನು ಕರೆದರೆ ಬರುವವರು ಅರವತ್ತು ಮಂದಿ. ಇದು ನಲಿನಿಬಾಯಿಯ ಸೂತ್ರ. ರಕ್ಷಣಾ ಕಾರ್ಖಾನೆಯೊಂದರ ಕ್ಯಾಂಟೀನಿನ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತೆಯಾಗಿದ್ದವಳು ಆಕೆ. ಸಂಬಳವಾದ ಮರುದಿನ ಎಷ್ಟು ಜನ ಕ್ಯಾಂಟೀನಿನ ಊಟ ಬಿಟ್ಟು ಹೊರಗೆ ತಿನ್ನುತ್ತಾರೆ, ಕ್ರಿಕೆಟ್ ಇದ್ದ ದಿನ ಎಷ್ಟು ಕಿಲೋ ಅಕ್ಕಿ ಕಡಿಮೆ ಹಾಕಬೇಕು ಎಂಬುದೆಲ್ಲ ಆಕೆಗೆ ಬಾಯಿಪಾಠ. ಅಡುಗೆಯನ್ನು ಆಕೆ ಮಾಡುತ್ತಿರಲಿಲ್ಲ. ಮಾಡುವವರಿಗಿಂತ ಹೆಚ್ಚು ತಿಳಿದಿದ್ದಳು, ಮತ್ತು ಹಾಗೆಂದು ಅವರಿಗೆ ಹೇಳುವುದನ್ನೂ ಬಿಡುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಆ ವಿದ್ಯೆಯೆಲ್ಲ ಮಕ್ಕಳ ಹುಟ್ಟುಹಬ್ಬಗಳಿಗೆ ಬಂತು. ಬಂದ ತಕ್ಷಣ ಎಲ್ಲರಿಗೂ ಒಂದೊಂದು ಗ್ಲಾಸು ಮಸಾಲೆ ಮಜ್ಜಿಗೆ ಕೊಡಿ, ಹೊಟ್ಟೆಯ ಕಾಲು ಭಾಗ ಅಲ್ಲೇ ತುಂಬುತ್ತದೆ. ಮಿರ್ಚಿ ಭಜಿಯನ್ನು ಬಿಸಿಬಿಸಿಯಾಗಿ ಮೊದಲು ಬಿಡಿ, ಖಾರಕ್ಕೆ ನೀರು ಕುಡಿಯುತ್ತಾರೆ. ಅನ್ನದ ಸೌಟು ದೊಡ್ಡದಿರಲಿ, ಪಲ್ಯದ್ದು ಸಣ್ಣದಿರಲಿ. ಸಿಹಿಗೆ ಬೇಕರಿಯ ನಿನ್ನೆಯ ಬ್ರೆಡ್ಡು ಅರ್ಧ ಬೆಲೆಗೆ ಸಿಗುತ್ತದೆ, ಡಬಲ್ ಕಾ ಮೀಠಾಕ್ಕೆ ಅದೇ ಚಲೋ. ಹೀಗೆ ಹೇಳಿ ಹೇಳಿ, ಕೂಡಿಟ್ಟ ಹಣ ಕರಗಿಸದೆ ಅದೆಷ್ಟೋ ಮನೆಯವರು ಮಕ್ಕಳ ಹುಟ್ಟುಹಬ್ಬ ಮಾಡಿ ಸೈ ಎನ್ನಿಸಿಕೊಂಡಿದ್ದರು. ಎಲ್ಲಿಯೂ ಊಟ ಕಡಿಮೆ ಬಿದ್ದಿರಲಿಲ್ಲ. ಈ ಮಾತನ್ನು ಆಕೆಯೇ ಹೇಳಿಕೊಳ್ಳುತ್ತಿದ್ದಳು, ಯಾರೂ ಕೇಳದಿದ್ದರೂ.

ಇಂಥವಳ ಸ್ವಂತ ಮೊಮ್ಮಗ ಶ್ರೀಹರ್ಷನಿಗೆ ಎರಡು ವರ್ಷ ತುಂಬುವುದಿತ್ತು. ಮೊದಲ ಹುಟ್ಟುಹಬ್ಬಕ್ಕೆ ಮಗುವಿಗೆ ಜ್ವರ ಬಂದು ಎಲ್ಲ ನಿಂತುಹೋಗಿತ್ತು. ಆದ್ದರಿಂದ ಈ ಸಲ ಎಲ್ಲರನ್ನೂ ಕರೆಯಲೇಬೇಕೆಂದು ಮಗ ವಿಶ್ವಜಿತ್ ಹಟ ಹಿಡಿದ. ಅವನದು ಕೊಂಡಾಪುರದಲ್ಲಿ ಸಾಲದ ಫ್ಲ್ಯಾಟು. ಸೊಸೆ ಶರ್ವರಿ ಮಗುವಿಗಾಗಿ ಕೆಲಸ ಬಿಟ್ಟು ಕೂತಿದ್ದಳು. ಅಪಾರ್ಟ್‌ಮೆಂಟಿನ ಸಮಾರಂಭದ ಹಾಲ್ ಪುಕ್ಕಟೆ ಸಿಗುತ್ತಿತ್ತು, ಆದರೆ ಊಟದ ಗುತ್ತಿಗೆಯವನು ಎಲೆಗೆ ನಾನೂರೈವತ್ತು ಕೇಳಿದ್ದ. ನೂರಾ ಮೂವತ್ತು ಮಂದಿಗೆ ಎಷ್ಟಾಗುತ್ತದೆಂದು ಗುಣಿಸಿ ನೋಡಿ ಗಂಡಹೆಂಡಿರಿಬ್ಬರೂ ಸುಮ್ಮನಾಗಿದ್ದರು.

ನಲಿನಿಬಾಯಿಗೆ ಈ ಸುಮ್ಮನಾಗುವಿಕೆಯೇ ಬೇಕಿತ್ತು. ಸೊಸೆ ಅಬಿಡ್ಸಿನಲ್ಲಿ ಮೂರು ತಲೆಮಾರಿನಿಂದ ಪುಸ್ತಕದ ಅಂಗಡಿಯಿಟ್ಟವರ ಮಗಳು. ತನ್ನ ಕ್ಯಾಂಟೀನಿನ ಮಾತುಗಳಿಗೆ ಆಕೆ ಮುಗುಳ್ನಕ್ಕು ಸುಮ್ಮನಿರುತ್ತಾಳೆಂದು ನಲಿನಿಬಾಯಿಗೆ ಒಳಗೊಳಗೇ ಒಂದು ಚುಚ್ಚು ಇತ್ತು. ಲಿಂಗಂಪಲ್ಲಿಯೆಲ್ಲ ಮೆಚ್ಚಿದ ಕೈಚಳಕ ಸೊಸೆಯ ಮುಂದೆ ಒಮ್ಮೆ ತೋರಿಸಬೇಕಿತ್ತು. ಗುತ್ತಿಗೆಯವನ ಅರ್ಧಕ್ಕೂ ಕಡಿಮೆಯಲ್ಲಿ ಬಗಾರಾ ಅನ್ನ, ಎಣ್ಣೆಗಾಯಿ, ಪುರಿ, ಆಲೂ ಪಲ್ಯ, ಭಜಿ, ಮೊಸರನ್ನ, ಮೀಠಾ ಎಲ್ಲ ಮಾಡಿಸಿ ಕೊಡುತ್ತೇನೆಂದು ಮಾತು ಕೊಟ್ಟಳು. ನೂರಾ ಮೂವತ್ತಕ್ಕೆ ಅರವತ್ತರ ಸೂತ್ರ ಹಚ್ಚಿದರೆ ಎಪ್ಪತ್ತೆಂಟು ಬರುತ್ತಿತ್ತು. ಸಣ್ಣ ಮಕ್ಕಳನ್ನು ಕಳೆದು ಎಪ್ಪತ್ತೈದು ಎಂದು ಬರೆದಳು.

"ಕರದೋರೆಲ್ಲಾ ಬಂದರ?" ಎಂದು ಶರ್ವರಿ ಕೇಳಿದಳು.

"ಬರಾಂಗಿಲ್ಲವಾ. ನನಗ ಬಿಡು," ಎಂದಳು ನಲಿನಿಬಾಯಿ.

ಬರದಂತೆ ನೋಡಿಕೊಳ್ಳುವ ಉಪಾಯವೂ ಆಕೆಯ ಬಳಿ ಇತ್ತು. ನಮ್ಮ ಕಡೆಯವರಲ್ಲಿ ಕರೆಯುವುದೆಂದರೆ ಕುಂಕುಮದ ಭರಣಿ ಹಿಡಿದು ಮನೆಗೆ ಹೋಗಿ, ಹಣೆಗೆ ಹಚ್ಚಿ, ಎಲ್ಲರೂ ಬರಬೇಕೆಂದು ಬಾಯಿತುಂಬ ಹೇಳಿ ಬರುವುದು. ಹಾಗೆ ಕರೆಸಿಕೊಂಡವರು ಬಾರದಿದ್ದರೆ ತಪ್ಪು. ಫೋನಿನಲ್ಲಿ ಕರೆದರೆ ಬಾರದಿದ್ದರೂ ತಪ್ಪಿಲ್ಲ. ನಲಿನಿಬಾಯಿ ಇದನ್ನು ಅಳತೆಗೋಲು ಮಾಡಿಕೊಂಡಿದ್ದಳು. ಯಾರು ನಿಜವಾಗಿ ಬೇಕೋ ಅವರಿಗೆ ಕುಂಕುಮ, ಉಳಿದವರಿಗೆ ಫೋನು ಎಂದು ಎಲ್ಲ ಮನೆಗಳಲ್ಲೂ ಹೇಳಿಕೊಡುತ್ತಿದ್ದಳು. ಈಗ ಬೀಗರಿಗೆ, ಮಗನ ಆಫೀಸಿನ ದೊಡ್ಡವರಿಗೆ, ಅಪಾರ್ಟ್‌ಮೆಂಟಿನವರಿಗೆ ಸೊಸೆಯನ್ನು ಕರೆದುಕೊಂಡು ಹೋಗಿ ಕುಂಕುಮ ಕೊಟ್ಟು ಬಂದಳು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಗೋಡೆಗೆ ಗೋಡೆ ಹಚ್ಚಿ ಬದುಕಿದ, ಈಗ ಲಿಂಗಂಪಲ್ಲಿಯ ಗಲ್ಲಿಗಳಲ್ಲಿ ಇರುವ ಹಳೆಯ ಮನೆಯವರಿಗೆಲ್ಲ ಫೋನು ಮಾಡಿದಳು.

ಅದೂ ಎಂಥ ಫೋನು! ಭಾನುವಾರ ಹರ್ಷನ ಹುಟ್ಟುಹಬ್ಬ, ಬಿಡುವಾದರೆ ಬನ್ನಿ, ಆದರೆ ಕೊಂಡಾಪುರ ದೂರ, ಟ್ರಾಫಿಕ್ಕು ಭಾಳ, ನಿಮ್ಮ ಕಾಲುನೋವು ಬೇರೆ, ತ್ರಾಸ ಮಾಡ್ಕೋಬ್ಯಾಡ್ರಿ. ಹೀಗೆ ಒಂದೇ ಉಸಿರಿನಲ್ಲಿ ಬಾಗಿಲು ತೆರೆದು, ಅದೇ ಉಸಿರಿನಲ್ಲಿ ಮುಚ್ಚುತ್ತಿದ್ದಳು. ಆ ಕಡೆಯವರು ನೋಡೋಣ ಎನ್ನುತ್ತಿದ್ದರು. ನೋಡೋಣ ಎಂದವರ ಹೆಸರನ್ನು ಆಕೆ ಬರದವರ ಪಟ್ಟಿಗೆ ಸೇರಿಸುತ್ತಿದ್ದಳು. ಕರೆದಂತೆಯೂ ಆಯಿತು, ಖರ್ಚೂ ಉಳಿಯಿತು ಎಂದು ಆಕೆಗೆ ಹೆಮ್ಮೆಯೇ ಆಗಿತ್ತು. ಇದರಲ್ಲಿ ಕೆಟ್ಟದ್ದೇನಿದೆ ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಅಡುಗೆಗೆ ಅಂಬಣ್ಣನೇ. ಯಾದಗಿರಿ ಕಡೆಯವನು. ಅದೇ ಕ್ಯಾಂಟೀನಿನಲ್ಲಿ ಗುತ್ತಿಗೆಯ ಅಡುಗೆಯವನಾಗಿದ್ದ. ಗುತ್ತಿಗೆದಾರ ಬದಲಾದಾಗ ಕೆಲಸ ಹೋಯಿತು. ನಲಿನಿಬಾಯಿಯೇ ಮನೆಮನೆಗೆ ಹೇಳಿ ಅವನಿಗೆ ಈ ಸಣ್ಣ ಅಡುಗೆಗಳನ್ನು ಹಿಡಿಸಿಕೊಟ್ಟಿದ್ದಳು. ಅವನು ಅನ್ನ ಪಲ್ಯ ನೋಡಿಕೊಂಡರೆ ಹೆಂಡತಿ ಸೂಗಮ್ಮ ಪುರಿ ಲಟ್ಟಿಸುತ್ತಿದ್ದಳು. ಕೊಂಡಾಪುರದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಇದು ಅವರ ಮೊದಲ ಅಡುಗೆ. ಇಲ್ಲಿ ಹೆಸರು ಬಂದರೆ ಮುನ್ನೂರು ಮನೆಗಳ ಬಾಗಿಲು ತೆರೆದಂತೆ ಎಂದು ಅಂಬಣ್ಣ ಹೊಸ ಅಂಗಿ ಹೊಲಿಸಿಕೊಂಡಿದ್ದ.

ಶುಕ್ರವಾರ ಅವನು ಸಾಮಾನಿನ ಪಟ್ಟಿ ತೆಗೆದುಕೊಳ್ಳಲು ಫ್ಲ್ಯಾಟಿಗೆ ಬಂದ. ನಲಿನಿಬಾಯಿ ಎಂಟು ಕಿಲೋ ಅಕ್ಕಿಯನ್ನು ತಾನೇ ಅಳೆದು ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಅಂಬಣ್ಣ ಪಟ್ಟಿಯನ್ನು ಎರಡು ಸಲ ಓದಿ, ತಲೆ ಕೆರೆದುಕೊಂಡು, ಮೆಲ್ಲಗೆ ಹೇಳಿದ.

"ಬಾಯಾರ, ಇದು ನಿಮ್ಮ ಮನೀ ಕಾರ್ಯ ಐತಿ. ಮಂದಿ ನಿಲ್ಲಾಂಗಿಲ್ರಿ, ಬರ್ತಾರ. ಇನ್ನ ಐದಾರು ಕಿಲೋ ಹಾಕೋಣ್ರಿ."

ಸೊಸೆ ಅಲ್ಲೇ ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತ ಕೂತಿದ್ದಳು. ಅವಳೆದುರಿಗೆ ಅಡುಗೆಯವನು ತನ್ನ ಲೆಕ್ಕ ತಿದ್ದುವುದೇ? ನಲಿನಿಬಾಯಿ ನಕ್ಕಳು. "ಅಡಿಗಿಯವರಿಗೆ ಯಾವಾಗ್ಲೂ ಹೆಚ್ಚಿಗೇ ಬೇಕು. ಉಳಿದದ್ದು ಯಾರ ಮನಿಗೆ ಹೋಗ್ತೈತಿ ಅಂಬೂದು ನನಗ ಗೊತ್ತಿಲ್ಲೇನು, ಅಂಬಣ್ಣ?"

ಚೇಷ್ಟೆಯ ಮಾತೇ ಅದು. ಅಂಬಣ್ಣ ಒಂದು ಕಾಳನ್ನೂ ಮುಟ್ಟುವವನಲ್ಲವೆಂದು ಆಕೆಗೆ ಇಪ್ಪತ್ತೈದು ವರ್ಷದಿಂದ ಗೊತ್ತು. ಆದರೆ ಸೊಸೆ ನಕ್ಕಳು, ಮತ್ತು ಆ ನಗು ನಲಿನಿಬಾಯಿಗೆ ಹಿತವಾಯಿತು. ಅಂಬಣ್ಣ ನಗಲಿಲ್ಲ. ಪಟ್ಟಿಯನ್ನು ಮಡಚಿ ಜೇಬಿಗಿಟ್ಟು, ಅಕ್ಕಿಯ ಚೀಲ ಹೆಗಲಿಗೇರಿಸಿಕೊಂಡು ಹೋದ.

ಭಾನುವಾರ ಹನ್ನೆರಡಕ್ಕೆ ಕೇಕು ಕತ್ತರಿಸುವಾಗ ಹಾಲಿನಲ್ಲಿ ನಲವತ್ತು ಮಂದಿ ಇದ್ದರು. ಬೀಗರು ರಾಮದಾಸರು ಬಿಳಿ ಪೈಜಾಮದಲ್ಲಿ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಹರ್ಷ ಕೇಕಿಗೆ ಹೆದರಿ ಅತ್ತು, ಬಲೂನು ಕೊಟ್ಟ ಮೇಲೆ ಸುಮ್ಮನಾದ. ನಲಿನಿಬಾಯಿ ಮನಸ್ಸಿನಲ್ಲೇ ತಲೆ ಎಣಿಸಿ, ಎಲ್ಲ ಸರಿಯಿದೆ ಎಂದುಕೊಂಡಳು.

ಹನ್ನೆರಡೂವರೆಗೆ ಗೇಟಿನ ಹೊರಗೆ ಆಟೋಗಳು ಬಂದು ನಿಂತವು. ಒಂದಲ್ಲ, ಎರಡಲ್ಲ. ಲಿಂಗಂಪಲ್ಲಿಯವರು ಹಂಚಿಕೊಂಡು ಆಟೋ ಮಾಡಿಕೊಂಡು, ಕೆಲವರು ಬಸ್ಸಿಳಿದು ನಡೆದು, ಸೊಸೆ ಮೊಮ್ಮಕ್ಕಳ ಸಮೇತ ಬರುತ್ತಿದ್ದರು. ಯಾವ ಮನೆಯಲ್ಲಿ ಆಕೆ ಕುರ್ಚಿಯ ತುದಿಯಲ್ಲಿ ಕೂತು ಹುಟ್ಟುಹಬ್ಬಗಳನ್ನು ಹಗುರ ಮಾಡಿಕೊಟ್ಟಿದ್ದಳೋ ಆ ಎಲ್ಲ ಮನೆಯವರು. ಯಾರಿಗೂ ಕೆಲಸ ಬಿದ್ದಿರಲಿಲ್ಲ, ಯಾರ ಕಾಲೂ ನೋಯುತ್ತಿರಲಿಲ್ಲ. ನಲಿನಿಬಾಯಿಯ ಮೊಮ್ಮಗನ ಹುಟ್ಟುಹಬ್ಬವೆಂದರೆ ಬಾರದಿರುವುದು ಹೇಗೆ ಎಂದು ಒಬ್ಬೊಬ್ಬರೂ ಕೈ ಹಿಡಿದು ಹೇಳಿದರು. ಆಕೆ ಬರ್ರಿ ಬರ್ರಿ ಎನ್ನುತ್ತಲೇ ಎಣಿಸುತ್ತಿದ್ದಳು. ಎಂಬತ್ತಾಯಿತು. ನೂರಾಯಿತು. ಆಮೇಲೆ ಎಣಿಸಲು ಧೈರ್ಯ ಬರಲಿಲ್ಲ.

ಎಲ್ಲರ ಕೊನೆಗೆ ಸಾವಿತ್ರಿ ವೈನಿ ಬಂದಳು. ಎಪ್ಪತ್ತಾರು ವಯಸ್ಸು, ಎರಡೂ ಮೊಣಕಾಲು ಊದಿವೆ, ಕ್ವಾರ್ಟರ್ಸಿನಲ್ಲಿ ಇವರ ಪಕ್ಕದ ಮನೆಯವಳು. ವಿಶ್ವಜಿತ್ ಹುಟ್ಟಿದಾಗ ಬಾಣಂತನ ಮಾಡಿದವಳು. ಮೂರು ವರ್ಷದ ಹಿಂದೆ ನಲಿನಿಬಾಯಿಯ ಗಂಡ ವಾಸುದೇವರಾಯರು ತೀರಿಕೊಂಡಾಗ ಹದಿಮೂರು ದಿನ ಮನೆಗೆ ಊಟ ಹೊತ್ತು ತಂದವಳು. ಅಂಥವಳಿಗೂ ಫೋನು ಮಾಡಿ, ನಿಮ್ಮ ಮೊಣಕಾಲಿಗೆ ತ್ರಾಸ ಎಂದು ಹೇಳಿದ್ದಳು ನಲಿನಿಬಾಯಿ. ಈಗ ವೈನಿ ಮಗುವಿನ ಕೈಗೆ ತಾನೇ ಹೆಣೆದ ಟೊಪ್ಪಿಗೆ ಕೊಟ್ಟು, ಗೋಡೆ ಹಿಡಿದು ಒಂದು ಕುರ್ಚಿಯಲ್ಲಿ ಕೂತಳು.

ಊಟ ಶುರುವಾಗಿ ಮುಕ್ಕಾಲು ಗಂಟೆಯಾಗಿರಲಿಲ್ಲ. ಮೇಜಿನ ಹಿಂದಿನಿಂದ ಅಂಬಣ್ಣ ಆಕೆಯ ಕಡೆಗೆ ನೋಡಿದ. ಹತ್ತಿರ ಹೋದರೆ, ಇನ್ನ ಹತ್ತು ಮಂದಿಗೆ ಐತ್ರಿ, ಅಷ್ಟೇ ಎಂದು ಕಿವಿಯಲ್ಲಿ ಹೇಳಿದ. ಮಜ್ಜಿಗೆ, ಭಜಿ, ದೊಡ್ಡ ಸೌಟು, ಸಣ್ಣ ಸೌಟು, ಯಾವ ಉಪಾಯವೂ ಇಲ್ಲಿ ನಡೆಯುವಂತಿರಲಿಲ್ಲ. ಸಾಲಿನಲ್ಲಿ ಎಪ್ಪತ್ತು ಮಂದಿ ಖಾಲಿ ತಟ್ಟೆ ಹಿಡಿದು ನಿಂತಿದ್ದರು. 

ಸಾಲಿನವರಿಗೆ ಬೇಗ ತಿಳಿಯಿತು. ಇಪ್ಪತ್ತು ವರ್ಷ ಆಕೆಯ ಜೊತೆ ಮದುವೆ ಮುಂಜಿವೆ ತಿರುಗಿದವರಿಗೆ ಪಾತ್ರೆಯ ತಳಕ್ಕೆ ಸೌಟು ತಾಗುವ ಸದ್ದು ತಿಳಿಯದೇ? ಲಿಂಗಂಪಲ್ಲಿಯವರು ಒಬ್ಬೊಬ್ಬರಾಗಿ ತಟ್ಟೆ ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದರು. ನಾವು ಮನೆಮಂದಿ, ನಮ್ಮದು ಕಡೆಗೆ, ಬೀಗರು ಬಿಜ್ಜರು ಮೊದಲು ಉಣ್ಣಲಿ ಎಂದರು. ಇಡೀ ಸಾಲೇ ಮನೆಮಂದಿಯಾಗಿ ಗೋಡೆಗೆ ಹತ್ತಿ ನಿಂತಿತು. ಆಕೆಯ ಮಾನ ಉಳಿಸಲೆಂದು ಮಾಡಿದ ಕೆಲಸವದು. ನಲಿನಿಬಾಯಿಗೆ ಅದನ್ನು ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

ಬೀಗರು ಮಾತ್ರ ಅಂಗಡಿಯವರು. ಸಾಮಾನು ಬಂದದ್ದು, ಹೋದದ್ದು ನೋಡಿ ಬದುಕಿದವರು. ಇಷ್ಟು ದೊಡ್ಡ ಪಾತ್ರೆಗಳು ಇಷ್ಟು ಬೇಗ ಖಾಲಿಯಾದದ್ದು ಹೇಗೆ, ತರಿಸಿದ ಸಾಮಾನೆಲ್ಲ ಒಲೆಯ ಮೇಲೆ ಏರಿತೇ ಎಂದು ಅಳಿಯನನ್ನು ಕೇಳಿದರು. ಜೋರಾಗಿ ಕೇಳಲಿಲ್ಲ, ಆದರೆ ಆಫೀಸಿನವರ ಕಿವಿಗೆ ಬೀಳುವಷ್ಟು ಜೋರಿತ್ತು. ವಿಶ್ವಜಿತನ ಮುಖ ಕೆಂಪಾಯಿತು. ಆಗ ಶರ್ವರಿ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ತಿಳಿದದ್ದನ್ನು ಹೇಳಿದಳು. ಅಡುಗೆಯವರು ಉಳಿಸಿಕೊಂಡು ಮನೆಗೆ ಒಯ್ಯುತ್ತಾರೆಂದು ಶುಕ್ರವಾರ ಅತ್ತೆಯೇ ಹೇಳಿದ್ದರು.

ವಿಶ್ವಜಿತ್ ನೇರ ಹಾಲಿನ ಹಿಂದಕ್ಕೆ, ಒಲೆ ಹೂಡಿದ್ದ ಕಾರ್ ಶೆಡ್ಡಿಗೆ ನಡೆದ. ಬೀಗರೂ ಹೋದರು. ಬಾಗಿಲಲ್ಲಿ ಹತ್ತು ಮಂದಿ ಕೂಡಿದರು. ಸೂಗಮ್ಮ ಖಾಲಿ ಬುಟ್ಟಿಯ ಮುಂದೆ ಕೈ ಹಿಟ್ಟಾಗಿ ಕೂತಿದ್ದಳು. ಅವಳ ಪಕ್ಕದಲ್ಲಿ ಬಟ್ಟೆಯ ಚೀಲವೊಂದು ಬಾಯಿ ಕಟ್ಟಿ ಇಟ್ಟಿತ್ತು.

"ಅಂಬಣ್ಣ, ಚೀಲದಾಗ ಏನೈತಿ?" ಎಂದ ವಿಶ್ವಜಿತ್. ಚಿಕ್ಕಂದಿನಲ್ಲಿ ಅವನಿಗೆ ಕ್ಯಾಂಟೀನಿನಿಂದ ಬಿಸಿ ಬೋಂಡ ತಂದುಕೊಟ್ಟವನು ಅಂಬಣ್ಣ. ಅದು ಅವನಿಗೆ ಆಗ ನೆನಪಿರಲಿಲ್ಲ.

ನಲಿನಿಬಾಯಿ ಮಗನ ಹಿಂದೆಯೇ, ಮೂರು ಮಾರು ದೂರದಲ್ಲಿ ನಿಂತಿದ್ದಳು. ಎಂಟು ಕಿಲೋ ಅಕ್ಕಿ ಅಳೆದ ಕೈ ಆಕೆಯದೇ. ಅದರಲ್ಲಿ ಎಪ್ಪತ್ತೈದು ಎಲೆಗೆ ಒಂದೆಲೆ ಹೆಚ್ಚಾಗುವಂತಿಲ್ಲವೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಒಂದು ಮಾತು ಸಾಕಿತ್ತು, ಲೆಕ್ಕ ನನ್ನದು ಎಂಬ ಒಂದು ಮಾತು. ಆದರೆ ಸೊಸೆ ಅಲ್ಲೇ ಇದ್ದಳು, ಬೀಗರು ಇದ್ದರು, ಹೊಸ ಅಪಾರ್ಟ್‌ಮೆಂಟಿನ ಹೆಂಗಸರಿದ್ದರು. ಅಂಬಣ್ಣನ ಮೇಲೆ ಹೋದರೆ ಹೋಗಲಿ, ನಾಳೆ ಅವನಿಗೆ ಹೇಗಾದರೂ ತಿಳಿಸಿ ಹೇಳಿದರಾಯಿತು ಎಂಬ ವಿಚಾರವೂ ಆ ಗಳಿಗೆಯಲ್ಲಿ ಬಂದುಹೋಯಿತು. ಆಮೇಲೆ ಜೀವನವಿಡೀ ಆಕೆ ಈ ವಿಚಾರಕ್ಕೇ ಹೆಚ್ಚು ನಾಚಿದಳು. ಭಯದಿಂದ ನಾಲಿಗೆ ಏಳಲಿಲ್ಲ ಎಂದರೆ ಒಪ್ಪಬಹುದಿತ್ತು, ಆದರೆ ಆಕೆ ವಿಚಾರ ಮಾಡಿಯೇ ಸುಮ್ಮನಿದ್ದಳು.

ಅಂಬಣ್ಣ ಒಮ್ಮೆ ಆಕೆಯ ಮುಖ ನೋಡಿದ. ಆಕೆ ಕಣ್ಣು ತಗ್ಗಿಸಿದಳು. ಅವನು ಬಗ್ಗಿ ಚೀಲದ ಬಾಯಿ ಬಿಚ್ಚಿದ. ಎರಡು ಸೌಟು, ಭಜಿ ಎತ್ತುವ ಒಂದು ಜಾಲರಿ ಸೌಟು, ಒದ್ದೆ ಟವೆಲು, ಮತ್ತೊಂದು ಉದ್ದನೆಯ ಸ್ಟೀಲಿನ ಡಬ್ಬಿ. ಬೀಗರು ಡಬ್ಬಿಯ ಕಡೆಗೆ ಬೆರಳು ತೋರಿಸಿದರು. ಅಂಬಣ್ಣ ಅದರ ಮುಚ್ಚಳವನ್ನೂ ತೆಗೆದ. ಒಳಗೆ ಮಡಚಿದ ನಾಲ್ಕು ಜೋಳದ ರೊಟ್ಟಿ, ಮೂಲೆಯಲ್ಲಿ ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಇತ್ತು.

ಮಾತಾಡಿದವಳು ಸೂಗಮ್ಮ. ಯಾರ ಮುಖವನ್ನೂ ನೋಡದೆ ಹೇಳಿದಳು. "ನಮ್ಮಿಬ್ಬರದು ಊಟರಿ. ಇಲ್ಲಿ ಸಾಲಾಂಗಿಲ್ಲಂತ ಗೊತ್ತಿತ್ತು. ನಾವೂ ಉಂಡರ ಮಂದಿಗೆ ಕಡಿಮಿ ಬೀಳ್ತೈತಂತ ಮುಂಜಾನೆ ರೊಟ್ಟಿ ಬಡದು ತಂದಿದ್ದೆ."

ವಿಶ್ವಜಿತ್ ಬೆವರು ಒರೆಸಿಕೊಂಡ. ನಲಿನಿಬಾಯಿಗೆ ತಾನು ಮುಂದೆ ಬಂದದ್ದು ಗೊತ್ತಾಗಲಿಲ್ಲ. ಮಗನನ್ನು ಸರಿಸಿ, ರೊಟ್ಟಿಯ ಡಬ್ಬಿಯ ಮುಂದೆ ನಿಂತು, ಬಾಗಿಲಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು.

"ಅಂಬಣ್ಣಂದು ಏನೂ ತಪ್ಪಿಲ್ಲ. ಅಕ್ಕಿ ನಾನ ಅಳದು ಕೊಟ್ಟೀನಿ. ನೂರಾ ಮೂವತ್ತು ಮಂದೀನ್ನ ಕರದು ಎಪ್ಪತ್ತೈದು ಮಂದಿಗೆ ಹಾಕಿಸೀನಿ. ಹೆಚ್ಚಿಗಿ ಹಾಕ್ರಿ ಅಂದ ಅವ. ನಾನು ಅವನಿಗೇ ಕಳ್ಳ ಅಂದೆ."

ಹೇಳಿ ಮುಗಿಸಿದರೂ ಹಗುರವಾಗಲಿಲ್ಲ. ಬಾಗಿಲಲ್ಲಿದ್ದವರು ಮುಖ ತಗ್ಗಿಸಿ ಒಬ್ಬೊಬ್ಬರಾಗಿ ಸರಿದು ಹೋದರು. ಶರ್ವರಿಯ ಕಣ್ಣು ತುಂಬಿದ್ದವು, ಅತ್ತೆಗಾಗಿಯೋ, ತಾನಾಡಿದ ಮಾತಿಗಾಗಿಯೋ. ವಿಶ್ವಜಿತ್ ಅಂಬಣ್ಣನ ಕೈ ಹಿಡಿಯಲು ಹೋದ. ಅಂಬಣ್ಣ ಟವೆಲಿನಿಂದ ಕೈ ಒರೆಸಿಕೊಳ್ಳುವ ನೆಪದಲ್ಲಿ ಬಿಡಿಸಿಕೊಂಡ.

"ತಪ್ಪಾತು, ಅಂಬಣ್ಣ," ಎಂದಳು ನಲಿನಿಬಾಯಿ.

ಅವನು ಡಬ್ಬಿಯ ಮುಚ್ಚಳ ಹಾಕಿ ನಿಧಾನವಾಗಿ ಹೇಳಿದ. "ಆ ಮಾತು ಚೀಲ ಬಿಚ್ಚೂಕಿಂತ ಮೊದಲ ಬರಬೇಕಿತ್ರಿ, ಬಾಯಾರ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಗಂಡ ಹೆಂಡತಿ ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಮಾತಾಡಿಕೊಂಡಿದ್ದ ಕೂಲಿಯನ್ನಷ್ಟೇ ತೆಗೆದುಕೊಂಡು, ಹಿಂದಿನ ಗೇಟಿನಿಂದ ಹೊರಟುಹೋದರು. ಆಮೇಲೆ ಆಕೆ ಎಷ್ಟು ಸಲ ಹೇಳಿ ಕಳಿಸಿದರೂ ಅಂಬಣ್ಣ ಆಕೆ ಹಿಡಿಸಿದ ಅಡುಗೆಗೆ ಬರಲಿಲ್ಲ. ಎದುರಾದಾಗ ನಮಸ್ಕಾರ ಮಾಡುವುದನ್ನು ಮಾತ್ರ ಬಿಡಲಿಲ್ಲ.

ಆ ದಿನ ಎರಡೂವರೆಗೆ ಹೋಟೆಲಿನಿಂದ ಊಟ ಬಂತು. ವಿಶ್ವಜಿತ್ ಫೋನಿನಲ್ಲಿ ತರಿಸಿದ್ದ. ಗುತ್ತಿಗೆಯವನು ಕೇಳಿದ್ದಕ್ಕಿಂತ ಎಲೆಗೆ ನೂರು ರೂಪಾಯಿ ಹೆಚ್ಚು ಬಿತ್ತು. ಉಳಿಸುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲವೆಂದು ಹೆಸರು ಮಾಡಿದವಳಿಗೆ ಇದಕ್ಕಿಂತ ಚಂದದ ಮಂಗಳಾರತಿ ಇನ್ನೇನು ಬೇಕು? ಆಶ್ಚರ್ಯವೆಂದರೆ ಅಲ್ಲಿಯವರೆಗೆ ಲಿಂಗಂಪಲ್ಲಿಯವರು ಒಬ್ಬರೂ ಎದ್ದು ಹೋಗಿರಲಿಲ್ಲ. ಮಾತು ಎಲ್ಲರ ಕಿವಿಗೂ ಬಿದ್ದಿತ್ತು. ಆದರೂ ಮಕ್ಕಳಿಗೆ ಬಲೂನು ಊದಿಕೊಡುತ್ತ, ಹರ್ಷನನ್ನು ಕೈಯಿಂದ ಕೈಗೆ ಎತ್ತಿಕೊಳ್ಳುತ್ತ ಕೂತೇ ಇದ್ದರು. ಅವರು ಬೈದು ಹೋಗಿದ್ದರೆ ಚೆನ್ನಾಗಿತ್ತು ಎಂದು ನಲಿನಿಬಾಯಿಗೆ ಅನ್ನಿಸಿತು.

ಬಡಿಸಲು ಆಕೆಯೇ ನಿಂತಳು. ಪ್ರತಿಯೊಬ್ಬರ ತಟ್ಟೆಗೂ ಎರಡೆರಡು ಸೌಟು ಹಾಕಿದಳು. ಯಾರೂ ಆ ವಿಷಯ ಎತ್ತಲಿಲ್ಲ. ಪಲಾವಿಗೆ ಉಪ್ಪು ಕಡಿಮೆ, ಮಗು ಅಜ್ಜನ ಹಾಗೆಯೇ ಇದ್ದಾನೆ ಎಂದು ಬೇರೆ ಮಾತಾಡಿದರು. ಎಲ್ಲರಿಗೂ ಆದ ಮೇಲೆ ಒಂದು ತಟ್ಟೆ ತುಂಬಿಕೊಂಡು ಸಾವಿತ್ರಿ ವೈನಿ ಕೂತಲ್ಲಿಗೆ ಹೋದಳು. ತಟ್ಟೆ ತೊಡೆಯ ಮೇಲಿಟ್ಟು, ನೀರಿನ ಗ್ಲಾಸು ಕೈಗೆ ಕೊಟ್ಟು, ತಿರುಗಬೇಕೆನ್ನುವಷ್ಟರಲ್ಲಿ ವೈನಿ ಸೆರಗು ಹಿಡಿದು ಪಕ್ಕದ ಕುರ್ಚಿಗೆ ಎಳೆದಳು.

"ನಲಿನಿ, ಖರೇ ಹೇಳು. ನನ್ನ ಯಾವುದರಾಗ ಹಿಡಿದಿದ್ದಿ? ಬರೋರೊಳಗೋ, ಬರದೋರೊಳಗೋ?"

ಸುಳ್ಳು ಹೇಳಬಹುದಿತ್ತು. ಮುದುಕಿ ಅದನ್ನು ನಂಬಿದಂತೆ ಮಾಡುತ್ತಿದ್ದಳು, ಅಷ್ಟು ದೊಡ್ಡ ಮನಸ್ಸಿನವಳು. ನಲಿನಿಬಾಯಿ ತಲೆ ಬಗ್ಗಿಸಿ, ತನಗೇ ಕೇಳದಷ್ಟು ಮೆಲ್ಲಗೆ, "ಬರದೋರೊಳಗ, ವೈನಿ," ಎಂದಳು.

ಸಾವಿತ್ರಿ ವೈನಿ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು ನುಂಗಿದಳು.

"ಗೊತ್ತಿತ್ತವಾ. ಕುಂಕುಮ ಹಚ್ಚಾಕ ಬರಲಿಲ್ಲಲ್ಲ ನೀ, ಬರೇ ಫೋನ್ ಮಾಡಿದಿ. ಅವತ್ತ ಸಂಜೀಗೆ ನಾವೆಲ್ಲಾ ಕೂಡಿ ಮಾತಾಡಿಕೊಂಡ್ವಿ. ಆಕಿಗೆ ನಾವು ಬರೋದು ಬ್ಯಾಡಾಗೈತಿ ಅಂದ್ರು ಮಂದಿ. ನಾನ ಅಂದೆ, ಆಕಿಗೆ ಬ್ಯಾಡಾದರ ಬ್ಯಾಡಾಗಲಿ, ಕೂಸು ನಮ್ಮದೂ ಹೌದು, ನಡೀರಿ ಅಂತ."

ಹೇಳಿ ಮತ್ತೊಂದು ತುತ್ತು ಕಲಸಿದಳು. ನಲಿನಿಬಾಯಿ ಪಕ್ಕದಲ್ಲಿ ಕೂತೇ ಇದ್ದಳು. ಏಳಬೇಕೆಂದರೂ ಆಗಲಿಲ್ಲ, ಮುಖ ಎತ್ತಿ ಆ ಹಾಲಿನಲ್ಲಿ ಉಣ್ಣುತ್ತಿದ್ದವರನ್ನು ನೋಡಬೇಕೆಂದರೂ ಆಗಲಿಲ್ಲ.